ಸ್ಟಿಫ್: ಬಳಕೆದಾರರ ಕೈಪಿಡಿ, ಮಂಠಾಳ ಆವೃತ್ತಿ

ಮೊದಲು ಇದನ್ನು ಓದಿ

ಅಭಿನಂದನೆಗಳು. ನೀವೀಗ 'ಸ್ಟಿಫ್' ಎಂಬ ಇಂಗ್ಲಿಷ್ ಗುಣವಾಚಕದ ಮಾಲೀಕರು. ಅದು ಮಕ್ಕಳ ಕಾನ್ವೆಂಟಿನಿಂದ ಮನೆಗೆ ಬಂದಿರಲಿ, ಟೇಲರ್ ಅಂಗಡಿಯಿಂದ ಬಂದಿರಲಿ, ಹುಮನಾಬಾದಿನ ಎಲುಬು ಡಾಕ್ಟರ ಚೀಟಿಯಲ್ಲಿ ಬಂದಿರಲಿ, ಸರಕು ಒಂದೇ. ಬಾಗದ್ದು, ಬಳುಕದ್ದು, ಬಿರುಸಾದದ್ದು, ಸೆಟೆದದ್ದು ಎಲ್ಲವನ್ನೂ ಇದೊಂದರಿಂದಲೇ ಬಣ್ಣಿಸಬಹುದು ಎಂದು ಕಂಪನಿ ಹೇಳುತ್ತದೆ. ಆದರೆ ಕಂಪನಿ ಇರುವುದು ಥೇಮ್ಸ್ ದಂಡೆಯಲ್ಲಿ, ನೀವಿರುವುದು ಬಸವಕಲ್ಯಾಣ ತಾಲ್ಲೂಕಿನ ಮಂಠಾಳ ಹೋಬಳಿಯಲ್ಲಿ. ಅದಕ್ಕೇ ಈ ಪ್ರತ್ಯೇಕ ಕೈಪಿಡಿ.

ಈ ಸೀಮೆಯಲ್ಲಿ ಒಂದು ತೊಡಕಿದೆ. 1948ರ ಸೆಪ್ಟೆಂಬರಿನವರೆಗೆ ಇದು ನಿಜಾಮರ ರಾಜ್ಯ, ಕಚೇರಿಯ ಮಾತು ಉರ್ದು. 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಕಚೇರಿಯ ಮಾತು ಕನ್ನಡವಾಯಿತು. ಗಡಿ ದಾಟಿ ಉಮರ್ಗಾ ಕಡೆ ಹೋದರೆ ಮರಾಠಿ, ಜಹೀರಾಬಾದ್ ಕಡೆ ಹೊರಳಿದರೆ ತೆಲುಗು. ಬಿರುಸುತನಕ್ಕೆ ಈ ಎಲ್ಲ ಭಾಷೆಗಳೂ ತಮ್ಮ ತಮ್ಮ ಪದವನ್ನು ಇಲ್ಲಿ ಬಿಟ್ಟುಹೋಗಿವೆ. ಹೊಸದಾಗಿ ಬಂದ ಸ್ಟಿಫ್ ಅನ್ನು ಸಿಕ್ಕಸಿಕ್ಕಲ್ಲಿ ಚುಚ್ಚಬೇಡಿ. ಮೊದಲು ಎಲ್ಲೆಲ್ಲಿ ಜಾಗ ಖಾಲಿ ಇದೆ ನೋಡಿಕೊಳ್ಳಿ.

ಪೆಟ್ಟಿಗೆಯಲ್ಲಿ ಏನೇನಿದೆ

ಮುಖ್ಯ ಅರ್ಥ ಒಂದು: ಸುಲಭಕ್ಕೆ ಬಾಗದ. ಅದರ ಜೊತೆ ಬಿಡಿ ಅರ್ಥಗಳ ಒಂದು ಪೊಟ್ಟಣ. ಕೀಲು ಸ್ಟಿಫ್, ಗೇರ್ ಸ್ಟಿಫ್, ಕಾಲರ್ ಸ್ಟಿಫ್. ನೀರು ಕಡಿಮೆ ಬೆರೆಸಿದ ಮದ್ಯ ಸ್ಟಿಫ್. ತೀವ್ರ ಪೈಪೋಟಿ, ಭಾರಿ ದಂಡ, ಏರು ಬೆಲೆ, ಎದುರು ಬೀಸುವ ಬಿರುಗಾಳಿ ಎಲ್ಲವೂ ಸ್ಟಿಫ್. ಮದುವೆಮನೆಯಲ್ಲಿ ಯಾರೊಡನೆಯೂ ಬೆರೆಯದೆ ಕುರ್ಚಿಯ ತುದಿಯಲ್ಲಿ ಕುಳಿತ ಬೀಗರೂ ಸ್ಟಿಫ್. ಇದೇ ಪದವನ್ನು ನಾಮಪದ ಮಾಡಿದರೆ ಆಡುಮಾತಿನ ಇಂಗ್ಲಿಷಿನಲ್ಲಿ ಹೆಣ ಎಂದಾಗುತ್ತದೆ. ಹೀಗಾಗಿ ಊರ ಹಿರಿಯರನ್ನು ಪರಿಚಯಿಸುವಾಗ ಇದು ಗುಣವಾಚಕವಾಗಿಯೇ ಉಳಿಯುವಂತೆ ನೋಡಿಕೊಳ್ಳಿ.

'ಸ್ಟಿಫ್ ಮೇಲ್ದುಟಿ' ಎಂಬ ನುಡಿಗಟ್ಟೂ ಪೆಟ್ಟಿಗೆಯಲ್ಲಿದೆ. ಎಷ್ಟೇ ಕಷ್ಟ ಬಂದರೂ ತುಟಿ ನಡುಗಿಸದವರ ಧೈರ್ಯಕ್ಕೆ ಅದನ್ನು ಹೇಳುತ್ತಾರೆ, ಅದನ್ನು ಇಂಗ್ಲಿಷರ ಜನ್ಮಗುಣ ಎಂದೇ ಎಲ್ಲರೂ ನಂಬಿದ್ದಾರೆ. ಆದರೆ ಆ ನುಡಿಗಟ್ಟು ಮೊದಲು ಅಚ್ಚಾಗಿ ಕಾಣಿಸುವುದು 19ನೇ ಶತಮಾನದ ಆರಂಭದ ಅಮೆರಿಕದ ಪತ್ರಿಕೆಗಳಲ್ಲಿ. ಇಂಗ್ಲಿಷರು ಅದನ್ನು ಆಮದು ಮಾಡಿಕೊಂಡು ತಮ್ಮದೇ ಮುದ್ರೆ ಒತ್ತಿಕೊಂಡರು.

ಉಚ್ಚಾರ ಜೋಡಣೆ

ಸ, ಟ ಎರಡನ್ನೂ ಕೂಡಿಸಿ ಒಂದೇ ಉಸಿರಿಗೆ ಹೇಳಬೇಕು. ನಮ್ಮ ಕಡೆ ಇದು ಕಷ್ಟ. ಸ್ಕೂಲಿನ ಮುಂದೆ ಒಂದು 'ಇ' ಇಟ್ಟು ಇಸ್ಕೂಲ್, ಸ್ಟೇಷನ್ನಿನ ಮುಂದೆ ಒಂದು 'ಇ' ಇಟ್ಟು ಇಸ್ಟೇಷನ್ ಎಂದು ಮೆಟ್ಟಿಲು ಕಟ್ಟಿಕೊಂಡೇ ನಾವು ಇಂಗ್ಲಿಷಿನ ಮನೆ ಹೊಕ್ಕವರು. ಆ ಚಾಳಿಯಲ್ಲಿ ಇದು 'ಇಸ್ಟಿಫ್' ಆಗುತ್ತದೆ. ಆದರೆ ಉರ್ದುವಿನಲ್ಲಿ 'ಇಸ್ತೀಫಾ' ಎಂದರೆ ರಾಜೀನಾಮೆ. 'ನಮ್ಮ ಸಾಹೇಬ್ರು ಇಸ್ಟಿಫ್' ಎಂದು ನೀವು ಚಹಾದಂಗಡಿಯಲ್ಲಿ ಹೇಳಿ ಎದ್ದರೆ, ಸಂಜೆಯೊಳಗೆ ಆ ಸಾಹೇಬರ ಜಾಗಕ್ಕೆ ಯಾರು ಬರುತ್ತಾರೆ ಎಂಬ ಚರ್ಚೆ ಬಸ್ ಸ್ಟ್ಯಾಂಡಿನವರೆಗೆ ಹೋಗಿರುತ್ತದೆ. ಕೊನೆಯ ಫಕಾರದ ಬಗ್ಗೆ ಮಾತ್ರ ಚಿಂತೆ ಬೇಡ. ಉರ್ದು ಕಿವಿಗೆ ಬಿದ್ದು ಬೆಳೆದ ನಾಲಿಗೆಗೆ ಅದು ತಾನಾಗಿಯೇ ಬರುತ್ತದೆ. ದಕ್ಷಿಣದವರು ಎಷ್ಟೋ ಜನ ಅದನ್ನು ಮಹಾಪ್ರಾಣ ಮಾಡಿ ತುಟಿ ಬಿಗಿದು ಸಿಡಿಸುತ್ತಾರೆ. ಈ ಒಂದು ವಿಷಯದಲ್ಲಿ ಬೀದರ್ ಜಿಲ್ಲೆ ಬೆಂಗಳೂರಿಗಿಂತ ಮುಂದಿದೆ, ಬರೆದಿಟ್ಟುಕೊಳ್ಳಿ.

ತಯಾರಿಕೆಯ ವಿವರ

ಹಳೆಯ ಇಂಗ್ಲಿಷಿನಲ್ಲಿ ಇದು 'ಸ್ಟೀಫ್' ಎಂದು ದೀರ್ಘವಾಗಿತ್ತು. ಜರ್ಮನ್ನಿನ 'ಶ್ಟೈಫ್', ಡಚ್ಚಿನ 'ಸ್ಟೈಫ್' ಇದರ ಒಡಹುಟ್ಟುಗಳು. ಇನ್ನೂ ಹಿಂದೆ ಹೋದರೆ ಒತ್ತೊತ್ತಾಗಿ ತುಂಬು, ಅಡಕು ಎಂಬ ಅರ್ಥದ ಬೇರು ಸಿಗುತ್ತದೆ. ಲ್ಯಾಟಿನ್ನಿನಲ್ಲಿ ಅದೇ ಬೇರಿನಿಂದ 'ಸ್ಟಿಪಾರೆ', ಅಂದರೆ ಅಡಕಿ ತುಂಬುವುದು, ಬಂತು. ಅದರ ಮಕ್ಕಳು ಇಬ್ಬರು. ಹಡಗಿನಲ್ಲಿ ಸರಕು ಅಡಕುವ ಹಮಾಲನಿಗೆ ಇಂಗ್ಲಿಷಿನಲ್ಲಿ ಹೇಳುವ 'ಸ್ಟೀವಡೋರ್' ಒಬ್ಬ, ಅವನು ಸ್ಪೇನಿನ ದಾರಿ ಸುತ್ತಿ ಬಂದ. ಇನ್ನೊಬ್ಬ 'ಕಾನ್ಸ್ಟಿಪೇಷನ್', ನಮ್ಮ ಮಲಬದ್ಧತೆ. ಅವನು ಎಲ್ಲಿಂದಲೂ ಬರಬೇಕಿಲ್ಲ, ಮೊದಲಿಂದಲೂ ಮನೆಯಲ್ಲೇ ಇದ್ದಾನೆ. ಮುಗುಳ್ನಗೆಯನ್ನೂ ಮಂಜೂರಾತಿ ಪಡೆದೇ ಬಿಡುಗಡೆ ಮಾಡುವ ಮನುಷ್ಯನಿಗೆ ಸ್ಟಿಫ್ ಎಂದಾಗ ಈ ನೆಂಟಸ್ತಿಕೆ ನೆನಪಿರಲಿ.

ಮೂರನೆಯ ನೆಂಟನನ್ನು ನೀವು ಬರಿಗಾಲಲ್ಲಿ ಭೇಟಿಯಾಗಿರುತ್ತೀರಿ. ಲ್ಯಾಟಿನ್ನಿನ 'ಸ್ಟಿಪುಲ', ಅಂದರೆ ಹುಲ್ಲಿನ ಕಡ್ಡಿ, ಅದೇ ಬೇರಿನದು ಎನ್ನುತ್ತಾರೆ ನಿರುಕ್ತ ಬಲ್ಲವರು. ಅದರಿಂದ ಇಂಗ್ಲಿಷಿಗೆ 'ಸ್ಟಬಲ್' ಬಂತು. ಅದು ನಮ್ಮ ಕೂಳೆ. ಜೋಳ ಕೊಯ್ದ ಹೊಲದಲ್ಲಿ ಚಪ್ಪಲಿ ಮರೆತು ನಡೆದವರಿಗೆ ಸ್ಟಿಫ್ ಪದದ ವ್ಯುತ್ಪತ್ತಿಯನ್ನು ಬೇರೆಯಾಗಿ ವಿವರಿಸಬೇಕಿಲ್ಲ.

ಇದೇ ಅಂಗಡಿಯ ಪಕ್ಕದ ಮಾಲು 'ರಿಜಿಡ್'. ಅದು ಲ್ಯಾಟಿನ್ನಿನ 'ರಿಗೇರೆ', ಸೆಟೆದಿರು, ಎಂಬುದರಿಂದ ಬಂದದ್ದು. ಸತ್ತ ದೇಹ ಸೆಟೆಯುವುದಕ್ಕೆ ವೈದ್ಯರು ಹೇಳುವ 'ರಿಗರ್ ಮಾರ್ಟಿಸ್' ಕೂಡ ಅದೇ ಮನೆಯದು. ಮೈಗೆ ಸ್ಟಿಫ್, ಮನಸ್ಸಿಗೆ ರಿಜಿಡ್ ಎಂದು ಹಂಚಿಕೊಂಡರೆ ಬಹುತೇಕ ಕೆಲಸ ನಡೆಯುತ್ತದೆ. ಪಿಂಚಣಿಗೆ ಬಂದ ಮೇಷ್ಟರುಗಳ ಬಗ್ಗೆ ಮಾತಾಡುವಾಗ ಎರಡೂ ಬೇಕಾಗಬಹುದು.

ತಯಾರಿಕೆಯ ಬಗ್ಗೆ ಹೇಳಲೇಬೇಕಾದ ಮಾತು ಇನ್ನೊಂದಿದೆ, ಇಂಗ್ಲಿಷ್ ಕಲಿಸುವವರು ಇದನ್ನು ಹೇಳುವುದಿಲ್ಲ. ಸ್ಟಿಫ್ ಒಂದು ಕಾಲಕ್ಕೆ ಹೊಗಳಿಕೆಯ ಪದ. ನಡುಗಾಲದ ಇಂಗ್ಲಿಷ್ ಕಾವ್ಯಗಳಲ್ಲಿ ಯುದ್ಧದಲ್ಲಿ ಎದೆಗೊಟ್ಟು ನಿಲ್ಲುವ ವೀರ ಸ್ಟಿಫ್. 14ನೇ ಶತಮಾನದ, ಗವೇನ್ ಎಂಬ ವೀರನ ಕಥನಕಾವ್ಯದಲ್ಲಿ ಸಾಕ್ಷಾತ್ ಆರ್ಥರ್ ದೊರೆಗೇ ಈ ವಿಶೇಷಣ ಕೊಟ್ಟಿದ್ದಾರೆ. ಅಲ್ಲಿಂದ ಇಳಿಯುತ್ತ ಇಳಿಯುತ್ತ ಅದು ಇಂದು ಕುತ್ತಿಗೆ ನೋವಿನ ಮುಲಾಮಿನ ಡಬ್ಬಿಯ ಮೇಲೆ ಬಂದು ಕೂತಿದೆ. ಇಂಗ್ಲಿಷರು ಯಾವಾಗ ಸೆಟೆದು ನಿಲ್ಲುವುದನ್ನು ಗುಣದ ಪಟ್ಟಿಯಿಂದ ತೆಗೆದು ದೋಷದ ಪಟ್ಟಿಗೆ ಹಾಕಿದರೋ, ಆಗ ಪದದ ನಸೀಬೂ ತಿರುಗಿತು. ನಾವು ಹಾಗೆ ಮಾಡಿಲ್ಲ. ಈ ಕೈಪಿಡಿಯ ಮುಂದಿನ ಭಾಗ ಅದರ ಬಗ್ಗೆಯೇ.

ಸ್ಥಳೀಯ ಹೊಂದಾಣಿಕೆ

ಸ್ಟಿಫ್ ಅನ್ನು ಚಾಲೂ ಮಾಡುವ ಮುನ್ನ ಊರಲ್ಲಿ ಈಗಾಗಲೇ ಓಡುತ್ತಿರುವ ಯಂತ್ರವನ್ನು ಪರಿಚಯ ಮಾಡಿಕೊಳ್ಳಿ. ಅದರ ಹೆಸರು ಖಡಕ್. ಮರಾಠಿಯಲ್ಲಿ ಬಿರುಸಿಗೆ 'ಕಡಕ್', ಬಂಡೆಗೆ 'ಖಡಕ'. ನಮ್ಮ ಬಾಯಿ ಮೊದಲನೆಯದರ ಅರ್ಥ ಇಟ್ಟುಕೊಂಡು ಎರಡನೆಯದರ ಸದ್ದು ತೊಡಿಸಿತು. ಕನ್ನಡಕ್ಕೆ ತನ್ನದೇ ಆದ 'ಕಡು' ಇತ್ತು, ಕಡುಬಡತನ, ಕಡುಗೋಪ ಎಲ್ಲ ಅದರದೇ ಸಂಸಾರ. ಆದರೂ ಆ 'ಖ' ಬಿದ್ದಾಗ ಆಗುವ ಸಪ್ಪಳವನ್ನು ಬಿಡಲು ಯಾರಿಗೂ ಮನಸ್ಸಾಗಲಿಲ್ಲ.

ಖಡಕ್ ಎಲ್ಲೆಲ್ಲಿ ದುಡಿಯುತ್ತದೆ ನೋಡಿ. 'ಚಾ ಖಡಕ್ ಹಾಕ್ರಿ' ಎಂದರೆ ಪುಡಿ ಜಾಸ್ತಿ, ಹಾಲು ಹಿಡಿತದಲ್ಲಿ, ಕುದಿ ಮುಗಿಯುವವರೆಗೆ. 'ಇಸ್ತ್ರಿ ಖಡಕ್ ಅದ' ಎಂದರೆ ಪ್ಯಾಂಟಿನ ಗೆರೆಯಲ್ಲಿ ತರಕಾರಿ ಹೆಚ್ಚಬಹುದು. (ಇಸ್ತ್ರಿಯೂ ಹೊರಗಿನದೇ. ಪೋರ್ಚುಗೀಸರ ಎಳೆದು ಹಾಸು ಎಂಬ ಕ್ರಿಯಾಪದದಿಂದ ಬಂದದ್ದು.) ಹೊಸ ನೋಟು ಖಡಕ್. ಚಳಿಗಾಲದ ಬೆಳಗಿನ ಥಂಡಿ ಖಡಕ್, ಎಪ್ರಿಲ್ ಮಧ್ಯಾಹ್ನದ ಬಿಸಿಲೂ ಖಡಕ್. 'ಮಾಸ್ತರ್ ಭಾಳ ಖಡಕ್ ಅದಾರ' ಎಂದು ಅಪ್ಪ ಹೇಳಿದರೆ ಮಗನನ್ನು ಅದೇ ಶಾಲೆಗೆ ಸೇರಿಸುತ್ತಾನೆ ಎಂದು ತಿಳಿಯಿರಿ. ಇದೇ ಮಾಸ್ತರನ್ನು ಇಂಗ್ಲಿಷಿನಲ್ಲಿ ಸ್ಟಿಫ್ ಎಂದರೆ ತಂದೆ ಬೇರೆ ಶಾಲೆ ಹುಡುಕುತ್ತಾನೆ. ಎರಡು ಪದಗಳ ಅರ್ಥ ಒಂದೇ, ಮಾರುಕಟ್ಟೆಯ ದರ ಮಾತ್ರ ತದ್ವಿರುದ್ಧ.

ಉಮರ್ಗಾದ ಮರಾಠಿಗರು 'ತಾಠ' ಎಂಬ ಇನ್ನೊಂದನ್ನು ಬಳಸುತ್ತಾರೆ. ತಾಠ ಮಾನೆಯವನು ಎಂದರೆ ಕುತ್ತಿಗೆ ನೆಟ್ಟಗಿಟ್ಟು ಬಾಳಿದವನು, ಸ್ವಾಭಿಮಾನಿ. ಉರ್ದುವಿನಲ್ಲಿ 'ಸಖ್ತ್'. ನಮ್ಮಲ್ಲಿ ಇನ್ನೂ ಅದು ತನ್ನ ಫಾರ್ಸಿ ಅರ್ಥದಲ್ಲೇ ನಿಂತಿದೆ: ಗಡುಸು, ಕಟ್ಟುನಿಟ್ಟು, ಸಖ್ತ್ ಸಜಾ. ಬೆಂಗಳೂರಿಗೆ ಹೋದ ಅದೇ ಪದ 'ಸಖತ್' ಆಗಿ ಹೊಟೇಲು, ಸಿನಿಮಾ, ಸ್ಕೂಟರ್ ಎಲ್ಲದರ ಮೇಲೂ ಮೆಚ್ಚುಗೆಯ ಸ್ಟಿಕರ್ ಆಗಿ ಅಂಟಿಕೊಂಡಿದೆ. 'ಬಿರಿಯಾನಿ ಸಖತ್ತಾಗಿದೆ' ಎಂದು ಬೆಂಗಳೂರಿನ ಅಳಿಯ ಹೇಳಿದಾಗ ಬಸವಕಲ್ಯಾಣದ ಅತ್ತೆ ಮಾಂಸ ಬೆಂದಿಲ್ಲವೇನೋ ಎಂದು ಪಾತ್ರೆಗೆ ಕೈ ಹಾಕಿ ಹಿಚುಕಿ ನೋಡಿದರೆ ತಪ್ಪು ಅವರದಲ್ಲ.

ಖಡಕ್ ಪದವನ್ನು ಅತಿಯಾಗಿ ಓಡಿಸಿ ಬಿಸಿ ಮಾಡಿದವರು ಪತ್ರಿಕೆಯವರು ಮತ್ತು ಟೀವಿಯವರು. ಖಡಕ್ ಸೂಚನೆ, ಖಡಕ್ ವಾರ್ನಿಂಗ್, ಖಡಕ್ ಸಂದೇಶ. ಅದೇ ಅಧಿಕಾರಿಗಳಿಗೆ, ಅದೇ ರಸ್ತೆಯ ಅದೇ ಗುಂಡಿಯ ಬಗ್ಗೆ, ಪ್ರಗತಿ ಪರಿಶೀಲನಾ ಸಭೆ ಕೂಡಿದಾಗೆಲ್ಲ ಖಡಕ್ ವಾರ್ನಿಂಗ್ ಹೋಗುತ್ತದೆ. ಮತ್ತೆ ಮತ್ತೆ ಕೊಡಬೇಕಾಗಿ ಬರುವ ವಾರ್ನಿಂಗಿಗೆ ಈ ವಿಶೇಷಣ ಸಲ್ಲದು. ನಮ್ಮ ತಾಂತ್ರಿಕ ವಿಭಾಗದ ಸಲಹೆ: ಅಂಥಲ್ಲಿ 'ಬಿಸಿ ರೊಟ್ಟಿ ವಾರ್ನಿಂಗ್' ಎಂದು ಬರೆಯಬಹುದು. ಏಕೆಂದರೆ ಅದು ಮಡಚಿದತ್ತ ಮಡಚುತ್ತದೆ.

ಪ್ರಾಯೋಗಿಕ ಪಾಠ: ರೊಟ್ಟಿ

ಬಿರುಸುತನ ಎಂದರೇನು ಎಂಬುದು ಪುಸ್ತಕದಿಂದ ತಿಳಿಯುವ ವಿಷಯವಲ್ಲ. ಒಲೆಯ ಮುಂದೆ ಕೂತು ಈ ಪಾಠ ಮಾಡಿ.

ಹಿಂಗಾರಿ ಬಿಳಿಜೋಳದ ಹಿಟ್ಟು ತೆಗೆದುಕೊಳ್ಳಿ. ಬೀಸಿ ಬಹಳ ದಿನ ಆಗಿರಬಾರದು, ಆಗಿದ್ದರೆ ಜಿಗಿ ಹೋಗಿರುತ್ತದೆ. ಗೋಧಿಯಲ್ಲಿರುವ ಎಳೆಯುವ ಅಂಟು ಜೋಳದಲ್ಲಿಲ್ಲ. ಆ ಕೊರತೆಯನ್ನು ತುಂಬಲು ಕುದಿಯುವ ಎಸರು ಬೇಕು. ಹಿಟ್ಟಿನ ನಡುವೆ ಗುಂಡಿ ಮಾಡಿ ಎಸರು ಹೊಯ್ದಾಗ ಪಿಷ್ಟದ ಕಾಳುಗಳು ನೀರು ಕುಡಿದು ಉಬ್ಬಿ ಒಡೆದು ಗಂಜಿಯಂತಾಗುತ್ತವೆ. ಹಿಟ್ಟನ್ನು ಹಿಡಿದಿಡುವುದು ಆ ಗಂಜಿಯೇ. ಕೈ ಸುಡುತ್ತಿರುವಾಗಲೇ ನಾದಬೇಕು. ನಾದುವಾಗ ಅಂಗೈಯ ಬುಡ ದುಡಿಯಬೇಕು, ಬೆರಳ ತುದಿಯಿಂದ ನಾದಿದ ಹಿಟ್ಟು ಬಡಿಯುವಾಗ ಅಂಚಿನಲ್ಲಿ ಬಿರಿದು ಮಾನ ಕಳೆಯುತ್ತದೆ.

ಬಡಿಯುವುದನ್ನು ಪಕ್ಕದಲ್ಲಿ ಕೂತು ಗಮನಿಸಿ. ಬಲಗೈ ಬಡಿಯುತ್ತದೆ, ಎಡಗೈ ಅಂಚನ್ನು ಕಾಯುತ್ತ ರೊಟ್ಟಿಯನ್ನು ತಿರುಗಿಸುತ್ತದೆ. ಸಪ್ಪಳದ ಲಯ ತಪ್ಪಿದರೆ ಒಳಮನೆಯಲ್ಲಿದ್ದ ಅತ್ತೆಗೆ ಗೊತ್ತಾಗುತ್ತದೆ, ನಡುವೆ ದಪ್ಪ ಉಳಿಯಿತು ಅಂತ. ಹಂಚಿಗೆ ಹಾಕಿದ ಮೇಲೆ ಮೇಲ್ಮೈಗೆ ಒದ್ದೆ ಅರಿವಿಯಿಂದ ನೀರು ಸವರಬೇಕು. ನೀರು ಆರುವ ಹೊತ್ತಿಗೆ ಹೊರಳಿಸಬೇಕು. ಒಂದು ಚಣ ತಡವಾದರೆ ಬಿರುಕು, ಬೇಗವಾದರೆ ಹಂಚಿಗೆ ಅಂಟು. ಉಬ್ಬಿ ಇಳಿದದ್ದೇ ಬಿಸಿ ರೊಟ್ಟಿ. ಮೆತ್ತಗೆ, ಬಾಗುವಂಥದ್ದು, ಪುಂಡಿಪಲ್ಯವನ್ನು ಮಡಚಿ ಬಾಯಿಗೆ ಒಯ್ಯುವಂಥದ್ದು.

ಇಲ್ಲಿಂದ ಮುಂದೆ ಹಾದಿ ಕವಲೊಡೆಯುತ್ತದೆ. ಖಡಕ್ ಬೇಕಾದರೆ ತೆಳ್ಳಗೆ ಬಡಿದಿರಬೇಕು, ಉರಿ ಇಳಿಸಬೇಕು, ಅರಿವಿಯ ಉಂಡೆಯಿಂದ ಒತ್ತುತ್ತ ಒಳಗಿನ ತೇವ ಒಣಗಿಸಬೇಕು. ಆಮೇಲೆ ಒಲೆಯ ಬದಿಗೆ ಒರಗಿಸಿ ನಿಲ್ಲಿಸಬೇಕು. ಆರುತ್ತ ಹೋದಂತೆ ಎಸರಿನಲ್ಲಿ ಚೆಲ್ಲಾಪಿಲ್ಲಿಯಾದ ಪಿಷ್ಟದ ಎಳೆಗಳು ಮತ್ತೆ ಒತ್ತೊತ್ತಾಗಿ ಸಾಲುಗಟ್ಟುತ್ತವೆ. ನೀರು ಹೊರಹೋಗುತ್ತದೆ, ರೊಟ್ಟಿ ಸೆಟೆಯುತ್ತದೆ. ಸ್ಟಿಫ್ ಪದದ ಬೇರಿನ ಅರ್ಥ ಒತ್ತಿ ಅಡಕುವುದು ಎಂದು ಮೇಲೆ ಹೇಳಿದೆವಲ್ಲ, ಲ್ಯಾಟಿನ್ ಬಾರದ ಹಿಟ್ಟು ಅದನ್ನೇ ಮಾಡುತ್ತದೆ.

ತೇವ ಇಲ್ಲದ್ದರಿಂದ ಬೂಸು ಹಿಡಿಯುವುದಿಲ್ಲ. ಡಬ್ಬಿಯಲ್ಲೋ ಬುಟ್ಟಿಯಲ್ಲೋ ಅರಿವಿ ಸುತ್ತಿಟ್ಟರೆ ವಾರಗಟ್ಟಲೆ ಇರುತ್ತದೆ. ಜಾತ್ರೆಗೆ, ಯಾತ್ರೆಗೆ, ಪುಣೆ ಮುಂಬಯಿಗೆ ದುಡಿಯಲು ಹೋದವರ ಗಂಟಿಗೆ, ಹಾಸ್ಟೆಲಿನ ಮಗಳ ಟ್ರಂಕಿಗೆ ಅದೇ. ಖಡಕ್ ನಮ್ಮಲ್ಲಿ ಹೊಗಳಿಕೆಯಾದದ್ದು ಇಲ್ಲಿಂದ ಎಂದೇ ನನ್ನ ವಾದ. ಮಳೆ ನೆಚ್ಚಿದ ನಾಡಿನಲ್ಲಿ ಕೆಡದೆ ಉಳಿಯುವುದಕ್ಕೆ ಬೆಲೆ. ಬಾಗುವುದು ಇವತ್ತಿನ ಊಟಕ್ಕಾಯಿತು, ಬಾಗದ್ದು ನಾಳೆಗೆ. ಇಂಗ್ಲಿಷರ ಬ್ರೆಡ್ಡು ಬಿರುಸಾದರೆ ಅದು ಹಳಸಿತು ಎಂದರ್ಥ. ಅವರ ಪದಕ್ಕೆ ಆ ಮುಖಭಾವ ಬಂದದ್ದರಲ್ಲಿ ಆಶ್ಚರ್ಯವಿಲ್ಲ.

ಎರಡನೇ ಪ್ರಯೋಗ: ಟೋಪಿ

ಬೀದರ್ ಜಿಲ್ಲೆಯ ಹಳ್ಳಿಗಳ ಕಟ್ಟೆಯ ಮೇಲೆ ಬಿಳಿ ಗಾಂಧಿ ಟೋಪಿ ಇಟ್ಟ ಹಿರಿಯರು ಇನ್ನೂ ಸಿಗುತ್ತಾರೆ. ಆ ಟೋಪಿ ತಲೆಯ ಮೇಲೆ ದೋಣಿಯ ಹಾಗೆ ನಿಲ್ಲುವುದು ಗಂಜಿಯ ಬಲದಿಂದ. ಅನ್ನದ ಗಂಜಿಯನ್ನು ಸೋಸಿ, ನೀರು ಬೆರೆಸಿ ತೆಳುಮಾಡಿ, ಒಗೆದ ಟೋಪಿಯನ್ನು ಅದ್ದಿ, ಹಗುರಾಗಿ ಹಿಂಡಿ, ಬಿಸಿಲಿಗೆ ಒಣಗಿಸಿ, ನೀರು ಚಿಮುಕಿಸಿ ಇಸ್ತ್ರಿ ತಿಕ್ಕಬೇಕು. ಗಂಜಿ ಗಟ್ಟಿಯಾದರೆ ಅಲ್ಲಲ್ಲಿ ಬಿಳಿ ಹಕ್ಕಳೆ. ತೆಳುವಾದರೆ ಮಧ್ಯಾಹ್ನದ ಬೆವರಿಗೆ ಟೋಪಿ ಕಿವಿಯ ಮೇಲೆ ಇಳಿದು, ಹಿರಿಯರ ಜೊತೆಗೆ ಅವರ ಮಾತಿನ ತೂಕವೂ ಇಳಿಯುತ್ತದೆ. ಟ್ರಂಕಿನಲ್ಲಿ ಇಡುವಾಗ ಎಚ್ಚರ, ಜಿರಳೆಗೆ ಅದು ಊಟ.

ಇಂಗ್ಲಿಷಿನಲ್ಲಿ ಗಂಜಿಗೆ 'ಸ್ಟಾರ್ಚ್'. ಬಿರುಸು ಎಂಬ ಅರ್ಥದ 'ಸ್ಟಾರ್ಕ್' ಅದರ ಬಂಧು. ಸ್ಟಾರ್ಚ್ ಎಂದರೆ ಮೂಲದಲ್ಲಿ ಬಿರುಸು ಮಾಡುವಂಥದ್ದು ಎಂದೇ. ಅದಕ್ಕೊಂದು 'ಈ' ಹಚ್ಚಿ 'ಸ್ಟಾರ್ಚಿ' ಮಾಡಿದರೆ ಸ್ಟಿಫ್‌ಗಿಂತ ಒಂದು ಗುಂಡಿ ಹೆಚ್ಚು ಬಿಗಿದ ಮನುಷ್ಯ. ರೊಟ್ಟಿಯಲ್ಲೂ ಟೋಪಿಯಲ್ಲೂ ಇರುವುದು ಒಂದೇ ಪಿಷ್ಟ, ಹೊಟ್ಟೆಗೆ ಹೋಗಿ ಉಳಿದದ್ದು ತಲೆಗೆ ಏರಿತು ಅಷ್ಟೆ. ಪೂರ್ತಿ ಬೆತ್ತಲೆ ಎನ್ನುವುದಕ್ಕೆ ಇಂಗ್ಲಿಷರು 'ಸ್ಟಾರ್ಕ್ ನೇಕೆಡ್' ಎನ್ನುತ್ತಾರಲ್ಲ, ಅದಕ್ಕೂ ಬಿರುಸಿಗೂ ಸಂಬಂಧವಿಲ್ಲ. ಮೊದಲು ಅದು 'ಸ್ಟಾರ್ಟ್ ನೇಕೆಡ್' ಇತ್ತು. ಸ್ಟಾರ್ಟ್ ಎಂದರೆ ಹಳೆಯ ಇಂಗ್ಲಿಷಿನ ಬಾಲ. ಬಾಲದವರೆಗೂ ಬೆತ್ತಲೆ. ಈ ಮಾಹಿತಿಯನ್ನು ಕೈಪಿಡಿಯಲ್ಲಿ ಸೇರಿಸುವ ಅಗತ್ಯವಿರಲಿಲ್ಲ, ಆದರೆ ಬಿಡಲೂ ಮನಸ್ಸಾಗಲಿಲ್ಲ.

ಶರೀರಕ್ಕೆ ಅಳವಡಿಸುವಾಗ

ಕುತ್ತಿಗೆ ಸ್ಟಿಫ್ ಎನ್ನಬೇಕಾದಲ್ಲಿ ಈ ಕಡೆ ವಿಶೇಷಣವೇ ಇಲ್ಲ. ಕ್ರಿಯಾಪದ ಆ ಕೆಲಸ ಮಾಡುತ್ತದೆ: 'ಕುತ್ತಿಗಿ ಹಿಡದದ'. ಸೊಂಟ ಹಿಡದದ, ಮೊಣಕಾಲು ಹಿಡದಾವ. ಯಾರೋ ಕಾಣದ ಕೈಯೊಂದು ಹಿಡಿದುಕೊಂಡಿದೆ, ಬಿಡಿಸಬೇಕು. ಹೀಗಾಗಿ ಎಣ್ಣೆ ತಿಕ್ಕುವ ಅಜ್ಜಿ ಆ ಕೈಯೊಡನೆ ಜಗಳವಾಡುವವಳ ಹಾಗೆ ತಿಕ್ಕುತ್ತಾಳೆ. ಡಾಕ್ಟರ ಮುಂದೆ ಮಾತ್ರ ಸ್ಟಿಫ್ ಎನ್ನಿ, ಎಕ್ಸ್‌ರೇ ಬೇಗ ಬರೆಯುತ್ತಾರೆ.

ಬೈಬಲ್ಲಿನ 'ಸ್ಟಿಫ್ ಕುತ್ತಿಗೆಯ ಜನ' ಎಂಬ ಬೈಗುಳ ಬೇರೆ. ಮೋಶೆಯ ಮಾತು ಕೇಳದ ಇಸ್ರಾಯೇಲರಿಗೆ ಅದು ಬಿದ್ದದ್ದು. ನೊಗಕ್ಕೆ ಕುತ್ತಿಗೆ ಕೊಡದ ಎತ್ತಿನ ಚಿತ್ರ ಅದು. ಇದನ್ನು ಮಂಠಾಳದಲ್ಲಿ ಟಿಪ್ಪಣಿ ಹಾಕಿ ಬಿಡಿಸಬೇಕಿಲ್ಲ. ಈ ಸೀಮೆಯ ಎತ್ತು ದೇವಣಿ ತಳಿಯದು, ಜೋಲುಗಿವಿ, ಭಾರಿ ಮೈ, ದುಡಿಮೆಗೆ ಹೆಸರಾದದ್ದು. ಅಂಥ ಎತ್ತೂ ಒಮ್ಮೊಮ್ಮೆ ನೊಗದ ಕೆಳಗೆ ಬಂದು ಕುತ್ತಿಗೆ ಸೆಟೆಸಿ ನಿಂತುಬಿಡುತ್ತದೆ. ಬಾರುಕೋಲು ತೋರಿಸಿದರೂ ಅಷ್ಟೇ, ಮುದ್ದಿಸಿದರೂ ಅಷ್ಟೇ. ಆಗ ರೈತ ಆಡುವ ಮಾತುಗಳನ್ನು ಈ ಕೈಪಿಡಿಯಲ್ಲಿ ಅಚ್ಚು ಹಾಕುವ ಹಾಗಿಲ್ಲ. ಅವುಗಳಲ್ಲಿ ಸ್ಟಿಫ್ ಇಲ್ಲ ಎಂಬುದನ್ನಷ್ಟೇ ಖಚಿತಪಡಿಸುತ್ತೇವೆ.

ಬಾಳಿಕೆಯ ಪರೀಕ್ಷೆ

ಈ ತಾಲ್ಲೂಕಿನಲ್ಲೇ ತಯಾರಾದ ಅತ್ಯಂತ ಖಡಕ್ ಸರಕು ಯಾವುದು ಎಂದು ಕೇಳಿದರೆ ನಾನು ರೊಟ್ಟಿಯನ್ನೂ ಕಲ್ಯಾಣದ ಕೋಟೆಯನ್ನೂ ಬದಿಗಿಟ್ಟು ಒಂದು ಪುಸ್ತಕ ತೋರಿಸುತ್ತೇನೆ. ಚಾಲುಕ್ಯ ಆರನೇ ವಿಕ್ರಮಾದಿತ್ಯ ಕಲ್ಯಾಣದಿಂದ ಆಳುತ್ತಿದ್ದ ಕಾಲದಲ್ಲಿ ವಿಜ್ಞಾನೇಶ್ವರ ಯಾಜ್ಞವಲ್ಕ್ಯಸ್ಮೃತಿಗೆ ಬರೆದ ವ್ಯಾಖ್ಯಾನ, ಮಿತಾಕ್ಷರ. ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು ಎಂದು ಅದು ಹೇಳಿತು. ಬಂಗಾಳದ ಕಡೆ ದಾಯಭಾಗ ಎಂಬ ಬೇರೆ ಪದ್ಧತಿ ನಡೆದರೆ ದೇಶದ ಉಳಿದ ಬಹುಭಾಗದಲ್ಲಿ ಮಿತಾಕ್ಷರವೇ ನಡೆಯಿತು. ಬ್ರಿಟಿಷ್ ನ್ಯಾಯಾಧೀಶರೂ ಅದನ್ನೇ ತಿರುವಿ ತೀರ್ಪು ಬರೆದರು. 1956ರ ಉತ್ತರಾಧಿಕಾರ ಕಾಯಿದೆಯೂ ಆ ಮೂಳೆಯನ್ನು ಪೂರ್ತಿ ಮುರಿಯಲಿಲ್ಲ. 1994ರಲ್ಲಿ ಕರ್ನಾಟಕ, 2005ರಲ್ಲಿ ಇಡೀ ದೇಶ, ಹೆಣ್ಣುಮಕ್ಕಳಿಗೂ ಹುಟ್ಟಿನ ಹಕ್ಕು ಎಂದ ಮೇಲೆ ಅದು ಬಾಗಿತು. ಸುಮಾರು ಒಂಬತ್ತು ಶತಮಾನ. ತಹಸೀಲ ಕಚೇರಿಯ ಹೊರಗೆ ತಂಗಿಯ ಸಹಿಗಾಗಿ ಕಾಯುತ್ತ ನಿಂತ ಅಣ್ಣಂದಿರ ಮುಖ ನೋಡಿದರೆ, ಕಾಗದದ ಮೇಲೆ ಬಾಗಿದ್ದು ಮನೆಯೊಳಗೆ ಇನ್ನೂ ಸೆಟೆದೇ ಇದೆ ಎಂಬುದು ತಿಳಿಯುತ್ತದೆ.

ಇದಕ್ಕೆ ವಿರುದ್ಧವಾದ ಮಾದರಿಯನ್ನೂ ನೋಡಿಬನ್ನಿ. ಹುಮನಾಬಾದ್ ತಾಲ್ಲೂಕಿನ ಜಲಸಂಗಿಯ ಹಳೆಯ ಶಿವಾಲಯದ ಹೊರಗೋಡೆಯ ಮೇಲೆ ಶಾಸನ ಬರೆಯುತ್ತಿರುವ ಹೆಣ್ಣೊಬ್ಬಳಿದ್ದಾಳೆ. ಅವಳು ಬರೆಯುತ್ತಿರುವುದು ಇದೇ ವಿಕ್ರಮಾದಿತ್ಯನ ಹೊಗಳಿಕೆ. ಬರೆಯುವ ಕೈ ಎತ್ತಿದೆ, ನಡು ಒಂದು ಕಡೆಗೆ ವಾಲಿದೆ, ಇಡೀ ಮೈ ಬಳ್ಳಿಯಂತೆ ತಿರುಚಿ ನಿಂತಿದೆ. ಅರಮನೆಗೆ ವರದಿ ಒಪ್ಪಿಸುವ ಗುಮಾಸ್ತನ ಸೆಟೆತ ಎಲ್ಲೂ ಇಲ್ಲ. ಅದೇ ದೊರೆಯ ಆಳ್ವಿಕೆಯಲ್ಲಿ ಮೆತ್ತನೆಯ ಓಲೆಯ ಮೇಲೆ ಬರೆದದ್ದು ಅಷ್ಟು ಬಿರುಸಾಯಿತು, ಬಿರುಸಾದ ಕಲ್ಲಿನಲ್ಲಿ ಕಡೆದದ್ದು ಇಷ್ಟು ಬಳುಕಿತು. ಫೋಟೊ ತೆಗೆಸಿಕೊಳ್ಳಲು ಅವಳ ಪಕ್ಕ ನಿಲ್ಲುವ ನಾವು ಮಾತ್ರ ಕೈ ಕಟ್ಟಿಕೊಂಡು ಗೂಟದ ಹಾಗೆ ನಿಂತಿರುತ್ತೇವೆ. ಸ್ಟಿಫ್ ಪದವನ್ನು ಯಾವ ಅನುಮಾನವೂ ಇಲ್ಲದೆ ಬಳಸಬಹುದಾದ ಜಾಗ ಆ ಫೋಟೊ.

ದೋಷ ಕಂಡುಬಂದಲ್ಲಿ

ಸ್ಟಿಫ್ ಎಂದರೂ ಎದುರಿಗಿದ್ದವರಿಗೆ ತಿಳಿಯದಿದ್ದರೆ: ಖಡಕ್ ಎನ್ನಿ. ಅದೂ ಹಿಡಿಸದಿದ್ದರೆ ಪೆಡಸು, ಗಡಸು, ಬಿರುಸು ಇವೆ. ಮಾತಿಗೆ ಬಿರುಸು, ಕಬ್ಬಿಣಕ್ಕೆ ಗಡಸು. ಪೆಡಸು ಎಂಬುದು ಹಳೆಯ ತೊಗಲು, ಬೇಯದ ಬದನೆಕಾಯಿ ಮತ್ತು ಕೆಲವು ವಿಮರ್ಶಕರ ಗದ್ಯಕ್ಕೆ.

ಸ್ಟಿಫ್ ಎಂದದ್ದಕ್ಕೆ ಮನುಷ್ಯ ಸಿಟ್ಟಾದರೆ: ಅವರು ಇಂಗ್ಲಿಷ್ ಬಲ್ಲವರು. ಕೂಡಲೇ 'ಅಂದ್ರ ಖಡಕ್ ಅಂದೆ ರೀ' ಎಂದು ಹೇಳಿ. ಎದೆಯುಬ್ಬಿಸಿ ಚಹಾ ಕುಡಿಸುತ್ತಾರೆ.

ಖಡಕ್ ಎಂದು ಹೆಸರಾದ ಅಧಿಕಾರಿ ವರ್ಗವಾಗಿ ಹೋದರೆ: ಇದು ದೋಷವಲ್ಲ. ಈ ಮಾದರಿ ಹಾಗೆಯೇ ಕೆಲಸ ಮಾಡುತ್ತದೆ.

ಮಗ 'ಅಪ್ಪಾ, ನೀ ಭಾಳ ರಿಜಿಡ್' ಎಂದರೆ: ಶಬ್ದಕೋಶ ತೆರೆಯಬೇಡಿ. ಅವನು ಕೇಳುತ್ತಿರುವುದು ಬೈಕು.

ಮಳೆಗಾಲದಲ್ಲಿ ರೊಟ್ಟಿ ಮೆತ್ತಗಾದರೆ: ಹಂಚಿನ ಮೇಲೆ ಮತ್ತೊಮ್ಮೆ ಕಾಯಿಸಿ. ಪಾಪಡ, ಟೋಪಿ, ಹೊಸದಾಗಿ ಗೆದ್ದ ಪಂಚಾಯಿತಿ ಸದಸ್ಯರು ಇವರೆಲ್ಲರಿಗೂ ತೇವದಿಂದ ಇದೇ ಬಾಧೆ. ಆದರೆ ಹಂಚಿನ ಉಪಾಯ ಮೊದಲ ಎರಡಕ್ಕೆ ಮಾತ್ರ, ಟೋಪಿಗಾದರೆ ಹಂಚಿನ ಬದಲು ಇಸ್ತ್ರಿಪೆಟ್ಟಿಗೆ.

ವಾರಂಟಿ ಮತ್ತು ವಿಲೇವಾರಿ

ಮುರಿದದ್ದಕ್ಕೆ ವಾರಂಟಿ ಇಲ್ಲ. ಖಡಕ್ ವಸ್ತು ಬಾಗುವುದಿಲ್ಲ, ಒಂದೇ ಸಲ ಮುರಿಯುತ್ತದೆ. ಡಬ್ಬಿಯ ತಳದಲ್ಲಿ ಉಳಿದ ರೊಟ್ಟಿಯ ಚೂರುಗಳನ್ನು ಎಸೆಯುವ ಪದ್ಧತಿ ಈ ಕಡೆ ಇಲ್ಲ. ಮಜ್ಜಿಗೆಯಲ್ಲಿ ನೆನೆಹಾಕಿ, ಉಪ್ಪು ಬೆರೆಸಿ, ಮೇಲೆ ಬೆಳ್ಳುಳ್ಳಿ ಮೆಣಸಿನಕಾಯಿಯ ಒಗ್ಗರಣೆ ಕೊಡಿ. ನೆನೆಯಲು ಅವಸರ ಮಾಡಬೇಡಿ, ಅಂಚಿನ ಚೂರುಗಳು ತಡವಾಗಿ ಬಿಡುತ್ತವೆ. ಶೇಂಗಾ ಹಿಂಡಿ ಇದ್ದರೆ ಒಂದು ಚಿಟಿಕೆ ಉದುರಿಸಿ. ಅದಕ್ಕೂ ಮೀರಿ ಉಳಿದದ್ದು ಎಮ್ಮೆಗೆ.

ಸ್ಟಿಫ್ ಪದ ಮಿಕ್ಕಿದ್ದರೆ ಟೇಲರಿಗೆ ಕೊಡಿ. ಕಾಲರಿನ ಒಳಗೆ ಬಕ್ರಂ ಇಟ್ಟು ಹೊಲಿಯುವಾಗ ಅವನಿಗೆ ಅದು ದಿನವೂ ಬೇಕಾಗುತ್ತದೆ.